ರಾಣಿಯ ಸಂಗ್ರಹಾಲಯದಲ್ಲಿ ಊರವರ ಕಲ್ಲುಗಳು

ಕಿತ್ತೂರು ಕೋಟೆಯ ಆವರಣದಲ್ಲಿರುವ ರಾಣಿ ಚೆನ್ನಮ್ಮ ಸ್ಮಾರಕ ವಸ್ತುಸಂಗ್ರಹಾಲಯ ಶುರುವಾದದ್ದು 1967ರಲ್ಲಿ. ಕರ್ನಾಟಕ ಎಂಬ ಹೆಸರು ರಾಜ್ಯಕ್ಕೆ ಬರಲು ಇನ್ನೂ ಆರು ವರ್ಷವಿತ್ತು. ಬೆಳಗಾವಿ ಯಾರದು ಎಂಬ ತಕರಾರು ವಿಚಾರಿಸಲು ಕೂತಿದ್ದ ಮಹಾಜನ ಆಯೋಗ ವರದಿ ಒಪ್ಪಿಸಿದ್ದೂ ಅದೇ ವರ್ಷದ ಆಗಸ್ಟಿನಲ್ಲಿ. ಗಡಿಯ ವಾದ ಕಾಗದದ ಮೇಲೆ ನಡೆದಿದ್ದ ಹೊತ್ತಿಗೆ ಈ ಸೀಮೆಯವರಿಗೆ ತಮ್ಮ ರಾಣಿಯ ಹೆಸರಿನಲ್ಲಿ ನಾಲ್ಕು ಗೋಡೆ, ಒಂದು ಬಾಗಿಲು ಬೇಕೆನಿಸಿದ್ದು ಸಹಜ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಸಿನಿಮಾ 1961ರಲ್ಲೇ ಬಂದಿತ್ತು, ರಾಣಿಯೆಂದರೆ ಬಿ. ಸರೋಜಾದೇವಿಯ ಮುಖ ಎನ್ನುವಷ್ಟು ಜನ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. ಸಂಗ್ರಹಾಲಯದ ಬೆನ್ನಿಗೇ, 1969ರಲ್ಲಿ, ಹುಡುಗಿಯರ ಸೈನಿಕ ವಸತಿ ಶಾಲೆ ಇದೇ ಊರಿನಲ್ಲಿ ತೆರೆಯಿತು. ಚೆನ್ನಮ್ಮನ ಹೆಸರಿನ ಐತಿಹಾಸಿಕ ಸಮಿತಿ ಮೊದಲು ನಡೆಸಿದ ಈ ಸಂಗ್ರಹಾಲಯವನ್ನು ಆಮೇಲೆ ರಾಜ್ಯದ ಪುರಾತತ್ವ ಇಲಾಖೆ ವಹಿಸಿಕೊಂಡಿತು. ಆಡಳಿತದ ಕತೆ ಇಷ್ಟೇ. ಹೇಳಬೇಕಾದದ್ದು ಒಳಗಿರುವುದರ ಕತೆ.

ಅಕ್ಟೋಬರ್ 23ರಿಂದ 25ರವರೆಗಿನ ಕಿತ್ತೂರು ಉತ್ಸವಕ್ಕೆ ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆಯಿಂದ ಟ್ರ್ಯಾಕ್ಟರ್, ಟೆಂಪೊ ತುಂಬಿ ಮಂದಿ ಬರುತ್ತಾರೆ. ಉಳಿದ ದಿನಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳೇ ಹೆಚ್ಚು. ಒಳಗೆ ಕಾಲಿಟ್ಟ ಮಕ್ಕಳ ಮೊದಲ ಪ್ರಶ್ನೆ ಒಂದೇ: “ರಾಣಿ ಖಡ್ಗ ಎಲ್ಲೈತ್ರೀ ಸರ?” ಖಡ್ಗಗಳು ಇವೆ. ಆದರೆ ಅವುಗಳಿಗಿಂತ ಹೆಚ್ಚು ಜಾಗ ಹಿಡಿದಿರುವುದು ಅರಮನೆಯ ಕೆತ್ತನೆಯ ಬಾಗಿಲು, ಕಿಟಕಿಗಳು. ಸುತ್ತಲಿನ ಹಳ್ಳಿಗಳಿಂದ ತಂದಿಟ್ಟ ಮೂರ್ತಿಗಳು, ಶಾಸನಗಳು, ವೀರಗಲ್ಲುಗಳು. ಖಡ್ಗ ನೋಡಿಯಾದ ಮೇಲೆ ಮಕ್ಕಳು ಕಲ್ಲುಗಳ ನಡುವೆ ಓಡಿ ದಾಟಿ, ಅರಮನೆಯ ಪಾಳಿನಲ್ಲಿ ಧ್ರುವ ನಕ್ಷತ್ರ ನೋಡುತ್ತಿದ್ದರೆನ್ನುವ ಕಿಂಡಿಗೆ ಕಣ್ಣು ಹಚ್ಚಲು ಸಾಲು ನಿಲ್ಲುತ್ತಾರೆ. ಮಾಸ್ತರರಿಗೂ ಅವಸರ, ಬಸ್ಸು ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕಾಗಿರುತ್ತದೆ.

ಒಂದು ಸಂಸ್ಥಾನದ ರಾಣಿಯ ಹೆಸರಿನ ಸಂಗ್ರಹಾಲಯದಲ್ಲಿ ಅರಮನೆಯ ಸಾಮಾನು ಇಷ್ಟು ಕಡಿಮೆ ಯಾಕೆ? ಉತ್ತರ 1824ರ ಡಿಸೆಂಬರಿನಲ್ಲಿದೆ. ನಾವು ಹಬ್ಬ ಮಾಡುವುದು ಅಕ್ಟೋಬರಿನದು, ಮಾಡಬೇಕಾದದ್ದೇ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅವನ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರ ಮುಂಜಾನೆ ಕೋಟೆಯ ಬಾಗಿಲು ಮುಚ್ಚಿಕೊಂಡಿತು. ತೆರೆಯಲು ಆತ ಕೊಟ್ಟದ್ದು ಅರ್ಧ ಗಂಟೆಯೂ ಇಲ್ಲದ ಗಡುವು. ಬಾಗಿಲು ತೆರೆಯಿತು ನಿಜ, ಹೊರಗೆ ಬಂದವರು ಮಾತ್ರ ಕಿತ್ತೂರಿನ ಸೈನಿಕರು. ಥ್ಯಾಕರೆ ಸತ್ತ, ಕ್ಯಾಪ್ಟನ್ ಬ್ಲ್ಯಾಕ್ ಸತ್ತ. ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ಥ್ಯಾಕರೆಯನ್ನು ಕೆಡವಿದ ಅಮಟೂರು ಬಾಳಪ್ಪನ ಹೆಸರು ಈ ಭಾಗದ ಮಕ್ಕಳಿಗೆ ಮಗ್ಗಿಯಷ್ಟೇ ಬಾಯಿಪಾಠ.

ಡಿಸೆಂಬರ್ ಮೊದಲ ವಾರದಲ್ಲಿ ಕರ್ನಲ್ ಡೀಕನ್ನನ ದೊಡ್ಡ ಸೈನ್ಯ ತೋಪುಗಳೊಂದಿಗೆ ಬಂದು ಕೋಟೆ ಒಡೆಯಿತು. ಕೋಟೆಯ ತೋಪಿನ ಮದ್ದಿನಲ್ಲಿ ಒಳಗಿನ ದ್ರೋಹಿಗಳೇ ಸಗಣಿ, ಜೋಳ ಬೆರೆಸಿದ್ದರೆಂದು ಊರು ಇವತ್ತಿಗೂ ಹೇಳುತ್ತದೆ. ಬೊಕ್ಕಸದಲ್ಲಿ ಸಿಕ್ಕ ಲಕ್ಷಗಟ್ಟಲೆ ನಗದು, ಒಡವೆ, ಆನೆ, ಕುದುರೆ, ತೋಪುಗಳೆಲ್ಲ ಗೆದ್ದ ಸೇನೆಗೆ ಹಂಚುವ ಬಹುಮಾನದ ಹಣವಾಯಿತು. ಆ ಕಾಲದ ಕಂಪನಿ ಕಾಗದಪತ್ರಗಳಲ್ಲಿ ‘ಕಿತ್ತೂರು ಪ್ರೈಜ್’ ಎಂಬುದು ವರ್ಷಗಟ್ಟಲೆ ಎಳೆದಾಡಿದ ಲೆಕ್ಕ. ಅಂದ ಮೇಲೆ ಮಕ್ಕಳು ಹುಡುಕುವ ರಾಣಿಯ ಸಾಮಾನು ಕಪಾಟಿನಲ್ಲಿ ಇಲ್ಲದಿರುವುದು ಸಂಗ್ರಹಾಲಯದವರ ಉದಾಸೀನವಲ್ಲ, ಯುದ್ಧದ ಫಲ. ಕೋಣೆಯೇ ಇಲ್ಲದೆ ನಿಂತಿರುವ ಆ ಬಾಗಿಲುಗಳ ಹತ್ತಿರ ಇಷ್ಟನ್ನು ಎರಡು ಸಾಲಿನಲ್ಲಿ ಬರೆದು ಹಾಕಿದರೆ, ಅವು ಬರಿಯ ಮರಗೆಲಸದ ಮಾದರಿಗಳಾಗಿ ಉಳಿಯುವುದಿಲ್ಲ.

ಬರಿದಾದ ಜಾಗಕ್ಕೆ ಬಂದು ಕೂತದ್ದು ಹಳ್ಳಿಯ ಕಲ್ಲುಗಳು. ಇದು ಯಾರೋ ಯೋಚಿಸಿ ಮಾಡಿದ ಏರ್ಪಾಡಲ್ಲ. ಸೀಮೆಯ ಪ್ರಾಚೀನ ವಸ್ತುಗಳನ್ನು ಒಂದೆಡೆ ಕೂಡಿಸುವುದು ಇಲಾಖೆಯ ವಾಡಿಕೆ, ಅದರಂತೆ ಕಲ್ಲುಗಳು ಬಂದವು. ಆದರೆ ಪರಿಣಾಮ ವಿಚಿತ್ರವಾಗಿದೆ. ರಾಣಿಯ ಹೆಸರು ಹೊತ್ತ ಮನೆಯಲ್ಲಿ ರಾಜರಲ್ಲದವರ ಯುದ್ಧದ ದಾಖಲೆ ಇದೆ. ನನಗಂತೂ ಇದೇ ಆ ಕಟ್ಟಡದ ನಿಜವಾದ ಸಂಪತ್ತು ಅನ್ನಿಸುತ್ತದೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳ ಹಂತದಲ್ಲಿ ಕಾದಾಟ: ಬಿಲ್ಲು, ಕತ್ತಿ, ಕೆಲವು ಕಲ್ಲುಗಳಲ್ಲಿ ಒಂದು ಬದಿಗೆ ಒತ್ತಿಕೊಂಡು ನಿಂತ ದನಗಳು. ಮಧ್ಯದಲ್ಲಿ ಸತ್ತವನನ್ನು ಕೈಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲೆ ಲಿಂಗ, ಪೂಜಾರಿ, ಎದುರಿಗೆ ಕೈಮುಗಿದು ಕೂತ ಅದೇ ಮನುಷ್ಯ. ತುದಿಯಲ್ಲಿ ಸೂರ್ಯ, ಚಂದ್ರ. ಕನ್ನಡ ನಾಡಿನ ವೀರಗಲ್ಲುಗಳ ಶಾಸನಗಳು ಸಾವಿನ ಕಾರಣವನ್ನೂ ಹೇಳುತ್ತವೆ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತದ್ದು. ಪೆಣ್ಬುಯ್ಯಲ್ ಎಂದರೆ ಹೆಣ್ಣುಮಕ್ಕಳ ಮೊರೆ ಕೇಳಿ ಓಡಿ ಹೋಗಿ ಸತ್ತದ್ದು. ಊರಳಿವು ಎಂದರೆ ಊರೇ ಹಾಳಾಗುವಾಗ ನಿಂತು ಸತ್ತದ್ದು. ಸವದತ್ತಿಯನ್ನು, ಆಮೇಲೆ ಬೆಳಗಾವಿಯನ್ನು ರಾಜಧಾನಿ ಮಾಡಿಕೊಂಡಿದ್ದ ರಟ್ಟರು, ಹಲಸಿಯ ಕಡೆ ಗೋವೆಯ ಕದಂಬರು, ಉತ್ತರದಿಂದ ಇಳಿದು ಬಂದು ರಟ್ಟರನ್ನು ಮುಗಿಸಿದ ಸೇವುಣರು, ಹೀಗೆ ಮಲಪ್ರಭೆಯ ಎರಡೂ ದಂಡೆಗಳು ಶತಮಾನಗಟ್ಟಲೆ ಸೈನ್ಯಗಳ ದಾರಿಯಾಗಿದ್ದವು. ರಾಜರ ಯುದ್ಧಗಳು ತಾಮ್ರಪಟಕ್ಕೆ, ಪ್ರಶಸ್ತಿ ಶಾಸನಕ್ಕೆ ಹೋದವು. ಬೆಳಗಿನ ಜಾವ ದನದ ಕೊಟ್ಟಿಗೆಯಿಂದ ಎದ್ದು ಓಡಿದವನು ಊರ ಮುಂದಿನ ಕಲ್ಲಿಗೆ ಬಂದ. ಆ ಕಲ್ಲನ್ನು ನಿಲ್ಲಿಸಿದವರು ಬಹುಮಟ್ಟಿಗೆ ಅವನ ಮನೆಯವರೇ, ಊರವರೇ.

ಗಂಡನ ಚಿತೆಯೇರಿದ ಹೆಂಗಸರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳ ಮಾತು ಬೇರೆ. ಬಳೆ ತೊಟ್ಟು ಮೇಲೆತ್ತಿದ ಒಂದು ತೋಳು, ಅಷ್ಟೇ. ಗಂಡನ ಸಾವಿನ ಬೆನ್ನಿಗೆ ಏನು ನಡೆಯಿತೆಂಬುದನ್ನು ಇಷ್ಟು ನೇರವಾಗಿ, ಇಷ್ಟು ಭೀಕರವಾಗಿ ತೋರಿಸುವ ಶಿಲ್ಪ ಇನ್ನೊಂದಿಲ್ಲ. ಕುಂಕುಮ ಹಚ್ಚಿ ನಮಸ್ಕರಿಸುವವರನ್ನು ನಾನು ತಡೆಯಲಾರೆ. ಆದರೆ ಇದನ್ನು ಶೌರ್ಯದ ಸಾಲಿಗೆ ಸೇರಿಸಿ ಮುಂದೆ ನಡೆಯುವ ವಿವರಣೆ ಮಕ್ಕಳಿಗೆ ಕೊಡಬಾರದು.

ಯುದ್ಧದಲ್ಲಿ ಸತ್ತವನ ಸಂಸಾರಕ್ಕೆ ರಾಜನೋ ಊರಿನವರೋ ಹೊಲ ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ನೆತ್ತರುಗೊಡಗೆ ಎಂದೇ ಹೆಸರು. ಉದಾರತೆ ಎನ್ನುವುದಕ್ಕಿಂತ ಅದು ವ್ಯವಸ್ಥೆ: ಮುಂದೆ ಕಾದುವವರು ಬೇಕಾದರೆ ಹಿಂದೆ ಸತ್ತವರ ಮಕ್ಕಳು ಉಣ್ಣಬೇಕು. ಕಿತ್ತೂರಿನ ಕಾಲಕ್ಕೆ ಇದೇ ವ್ಯವಸ್ಥೆ ಬೇರೆ ರೂಪದಲ್ಲಿತ್ತು. ಊರ ಕಾವಲು ಕಾಯುವ, ಕರೆ ಬಂದಾಗ ದೇಸಾಯಿಯ ದಂಡಿಗೆ ಸೇರುವ ಶೇತಸನದಿಗಳಿಗೆ ಸಂಬಳದ ಬದಲು ಹೊಲ. ಸಂಗೊಳ್ಳಿ ರಾಯಣ್ಣ ಅಂಥ ಒಬ್ಬ ಶೇತಸನದಿ. 1824ರ ಸೋಲಿನ ನಂತರ ಕಂಪನಿ ಸರ್ಕಾರ ಇಂಥವರ ಹೊಲಗಳಿಗೆ ಕೈ ಹಾಕಿತು. ಕಿತ್ತುಕೊಳ್ಳದೆ ಬಿಟ್ಟದ್ದರ ಮೇಲೆ ಕರ ಏರಿಸಿತು. ಅರಮನೆ ಇಲ್ಲವೆಂದ ಮೇಲೆ ಕಾವಲಿನವನು ಯಾಕೆ, ಕಾವಲಿನವನಿಲ್ಲವೆಂದ ಮೇಲೆ ಅವನಿಗೆ ಹೊಲ ಯಾಕೆ ಎಂಬುದು ಕಚೇರಿಯ ಲೆಕ್ಕ.

ಈ ಲೆಕ್ಕ ಹಿಡಿದು ನೋಡಿದರೆ ರಾಯಣ್ಣನ ಬಂಡಾಯ ರಾಣಿಯ ಮೇಲಿನ ನಿಷ್ಠೆಯಷ್ಟೇ ಆಗಿ ಉಳಿಯುವುದಿಲ್ಲ. 1830ರ ಜನವರಿಯಲ್ಲಿ ಅವನ ಜನ ಮೊದಲು ಸುಟ್ಟದ್ದು ಬೀಡಿ ಎಂಬ ಊರಿನ ಕಚೇರಿ. ಕಚೇರಿ ಎಂದರೆ ಹೊಲ ಯಾರದೆಂದು ಬರೆದಿಡುವ ಕಾಗದಗಳ ಮನೆ. ನಂದಗಡ, ಸಂಪಗಾವಿಗಳತ್ತ ನುಗ್ಗಿದಾಗಲೂ ಅವರ ಕಣ್ಣು ಸರ್ಕಾರದ ಖಜಾನೆ, ದಫ್ತರಗಳ ಮೇಲೆ. ಅವನ ಹಿಂದೆ ನಡೆದವರಲ್ಲಿ ಹೊಲ ಹೋದವರು, ಕೆಲಸ ಹೋದ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ಏಪ್ರಿಲಿನಲ್ಲಿ ರಾಯಣ್ಣನನ್ನು ಮೋಸದಿಂದ ಹಿಡಿದರು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಸಂಗೊಳ್ಳಿಯಲ್ಲಿ ಈಗ ರಾಯಣ್ಣನ ಬದುಕನ್ನು ಶಿಲ್ಪಗಳಲ್ಲಿ ಹೇಳುವ ರಾಕ್ ಗಾರ್ಡನ್ ಇದೆ, ಸೈನಿಕ ಶಾಲೆ ಇದೆ. ಕಿತ್ತೂರಿಗೆ ಬಂದವರು ಅಲ್ಲಿಗೆ ಹೋಗದೆ ಹಿಂದಿರುಗಿದರೆ ಅರ್ಧ ಕತೆ ಮಾತ್ರ ಕೇಳಿದಂತೆ. ಕತೆಯ ಇನ್ನರ್ಧವನ್ನು ಉಳಿಸಿಕೊಂಡು ಬಂದವರು ಲಾವಣಿಕಾರರು, ಗೀಗೀ ಮೇಳದವರು. ಬ್ರಿಟಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ 1880ರ ದಶಕದಲ್ಲಿ ಇಂಥ ಕನ್ನಡ ಲಾವಣಿಗಳನ್ನು ಬರೆಸಿಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಗಲ್ಲಿಗೇರಿಸಿದ ಸರ್ಕಾರದ ಪಗಾರ ಉಣ್ಣುತ್ತಿದ್ದವನೇ ಗಲ್ಲಿಗೇರಿದವರ ಹಾಡು ಕೂಡಿಟ್ಟ.

ಇಂಥದೇ ಇನ್ನೊಂದು ವಿಚಿತ್ರ ಆ ಸೆರೆಯಾಳು ವಾಲ್ಟರ್ ಎಲಿಯಟ್‌ನದು. ಕಿತ್ತೂರಿನಲ್ಲಿ ಸೆರೆಯಾದಾಗ ಅವನಿಗೆ ಇಪ್ಪತ್ತೊಂದು ವರ್ಷ. ಒಂದು ತಿಂಗಳಿಗೂ ಮಿಕ್ಕಿ ಕೋಟೆಯಲ್ಲಿದ್ದು ಡಿಸೆಂಬರಿನ ಆರಂಭದಲ್ಲಿ ಕೂದಲೂ ಕೊಂಕದೆ ಹೊರಬಂದ. ಆಮೇಲೆ ಇದೇ ಸೀಮೆಯಲ್ಲಿ ನೌಕರಿ ಮಾಡುತ್ತ ಊರೂರಿನ ಕಲ್ಲುಗಳ ಮುಂದೆ ಕೂತು ಹಳಗನ್ನಡದ ಅಕ್ಷರ ಬಲ್ಲವರಿಂದ ನಕಲು ಮಾಡಿಸಿದ. ಹೀಗೆ ಸೇರಿದ್ದು ಸುಮಾರು 600 ಶಾಸನ. 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಆತ ಬರೆದ ಲೇಖನದಿಂದ ಚಾಲುಕ್ಯರ ವಂಶಾವಳಿ ಮೊದಲ ಬಾರಿಗೆ ಒಂದು ರೂಪಕ್ಕೆ ಬಂತು. ಅವನೇ 1845ರಲ್ಲಿ ಅಮರಾವತಿ ಸ್ತೂಪದ ಶಿಲ್ಪಗಳನ್ನು ಅಗೆಸಿದವನು. ಬಹುಕಾಲ ‘ಎಲಿಯಟ್ ಮಾರ್ಬಲ್ಸ್’ ಎಂದೇ ಕರೆಸಿಕೊಂಡ ಆ ಕಲ್ಲುಗಳು 1859ರಲ್ಲಿ ಹಡಗು ಹತ್ತಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕಿತ್ತೂರಿನವರು ಜೀವ ಉಳಿಸಿದ ಹುಡುಗ ಕನ್ನಡದ ಕಲ್ಲುಗಳನ್ನು ಓದಲು ದಾರಿ ಮಾಡಿಕೊಟ್ಟ, ತೆಲುಗು ನಾಡಿನ ಕಲ್ಲುಗಳನ್ನು ಊರು ಬಿಡಿಸಿದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಕಿತ್ತೂರಿನ ಸಂಗ್ರಹಾಲಯದಲ್ಲಿ ಎಲಿಯಟ್‌ನ ಚಿತ್ರವೊಂದು ಇದ್ದರೆ ರಾಣಿಗೆ ಅವಮಾನವಾಗುವುದಿಲ್ಲ. ಕೈಗೆ ಸಿಕ್ಕ ಸೆರೆಯಾಳುಗಳನ್ನು ಅವಳ ಕೋಟೆ ನಡೆಸಿಕೊಂಡ ರೀತಿಗೆ ಅದು ಸಾಕ್ಷಿ.

ಥ್ಯಾಕರೆಯ ನೆನಪಿಗೆ ಧಾರವಾಡದಲ್ಲಿ ಸೂಚಿ ಕಂಬವೊಂದು ನಿಂತಿತು. (ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಈತ ಚಿಕ್ಕಪ್ಪ.) ಡಿಸೆಂಬರಿನ ಕಾಳಗದಲ್ಲಿ ಸತ್ತ ಜಾನ್ ಮನ್ರೊ ಮದ್ರಾಸಿನ ಗವರ್ನರ್ ಥಾಮಸ್ ಮನ್ರೊನ ಬಂಧು. ಇವರ ಹೆಸರು, ವಯಸ್ಸು, ಹುದ್ದೆ ಎಲ್ಲವೂ ದಾಖಲಾಗಿವೆ. ಅವರ ಪಕ್ಕದಲ್ಲಿ ನಿಂತು ಸತ್ತ ಕಂಪನಿಯ ಸಿಪಾಯಿಗಳು? ಅವರೂ ದಕ್ಷಿಣದ ಹಳ್ಳಿಗಳವರೇ. ಅವರನ್ನು ಕಂಪನಿಯೂ ಬರೆಯಲಿಲ್ಲ, ನಾವೂ ಹಾಡಲಿಲ್ಲ. ದನ ಕಾಯಲು ಹೋಗಿ ಸತ್ತವನಿಗೆ ಸಾವಿರ ವರ್ಷದ ಹಿಂದೆ ಸಿಕ್ಕ ಕಲ್ಲು ಇವರ ಪಾಲಿಗೆ ಇಲ್ಲ.

ಹೆಣ್ಣುಮಕ್ಕಳ ಪಾಡನ್ನು ನೋಡಲು ಬೈಲಹೊಂಗಲಕ್ಕೆ ಬರಬೇಕು. ಸೋತ ನಂತರ ಚೆನ್ನಮ್ಮನನ್ನು, ಸೊಸೆಯರಾದ ವೀರವ್ವ, ಜಾನಕಿಬಾಯಿಯರನ್ನು ಇಲ್ಲಿಯೇ ಸೆರೆಯಲ್ಲಿಟ್ಟರು. 1829ರ ಫೆಬ್ರುವರಿಯಲ್ಲಿ ಚೆನ್ನಮ್ಮ ಇಲ್ಲೇ ತೀರಿಕೊಂಡಳು. ರಾಯಣ್ಣನಿಗೆ ಒಳಗಿನಿಂದ ಬೆಂಬಲವಿದೆಯೆಂಬ ಗುಮಾನಿಯಲ್ಲಿ ವೀರವ್ವನನ್ನು ಇಲ್ಲಿಂದ ಸಾಗಿಸಿದರು. 1830ರಲ್ಲಿ ಅವಳೂ ಸತ್ತಳು. ವಿಷವಿಕ್ಕಿದರೆಂಬ ಮಾತು ಆಗಲೇ ಹಬ್ಬಿತ್ತು. ಚೆನ್ನಮ್ಮನ ಸಮಾಧಿ ಊರ ನಡುವಿನ ತೋಟದಲ್ಲಿದೆ, ಸಂಜೆ ಹೊತ್ತು ಮುದುಕರು ಬೆಂಚಿನ ಮೇಲೆ ಪೇಪರ್ ಓದುತ್ತ ಕೂತಿರುತ್ತಾರೆ. ನಮ್ಮ ಪಠ್ಯಪುಸ್ತಕದ ಚೆನ್ನಮ್ಮ ಕುದುರೆ ಇಳಿಯುವುದೇ ಇಲ್ಲ. ಸೆರೆಮನೆಯ ನಾಲ್ಕು ವರ್ಷ ಆ ಪುಸ್ತಕದಲ್ಲಿ ಒಂದು ವಾಕ್ಯ. ಸೊಸೆಯರಿಗೆ ಅದೂ ಇಲ್ಲ.

ದತ್ತಕದ ತಂಟೆ ಕಿತ್ತೂರಿಗೇ ಮುಗಿಯಲಿಲ್ಲ. ನರಗುಂದದ ಅರಸ ಬಾಬಾಸಾಹೇಬನಿಗೂ ದತ್ತಕಕ್ಕೆ ಅನುಮತಿ ಸಿಗಲಿಲ್ಲ. 1858ರ ಮೇ 29ರ ರಾತ್ರಿ ಈಗಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಅವನ ಜನ ಕೊಂದರು. ತಲೆಯನ್ನು ನರಗುಂದದ ಅಗಸೆಗೆ ತೂಗುಹಾಕಿದರು. ಎರಡು ವಾರದಲ್ಲಿ ಎಲ್ಲ ಮುಗಿಯಿತು. ಜೂನ್ 12ರಂದು ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲು. ಅವನ ತಾಯಿ, ಹೆಂಡತಿ ಮಲಪ್ರಭೆಗೆ ಬಿದ್ದು ಪ್ರಾಣ ಬಿಟ್ಟರು. ಕಿತ್ತೂರಿನಲ್ಲಿ ರಾಣಿಗೆ ಸೆರೆ, ನರಗುಂದದಲ್ಲಿ ಹೊಳೆ. ಇದೇ ನೆಲದ ಮೂರನೆಯ ದತ್ತಕದ ಕತೆ ಬೇರೆ ದಾರಿ ಹಿಡಿಯಿತು. ಸವದತ್ತಿ ಕೋಟೆ ಕಟ್ಟಿಸಿದ ಸಿರಸಂಗಿ ದೇಸಗತಿಗೆ ದತ್ತಕವಾಗಿ ಬಂದ ಶಿಗ್ಲಿಯ ಹುಡುಗನೇ ಮುಂದೆ ಲಿಂಗರಾಜ ದೇಸಾಯಿ. ಅವನ ಹಕ್ಕಿನ ಜಗಳ ಕೋರ್ಟಿನಲ್ಲಿ ತೀರಿತು, ಕೋಟೆಯ ಬಾಗಿಲಿನಲ್ಲಿ ಅಲ್ಲ. ಅವನಿಗೂ ಮಕ್ಕಳಿರಲಿಲ್ಲ, 1906ರಲ್ಲಿ ತೀರಿಕೊಂಡಾಗ ಆಸ್ತಿಯನ್ನು ಹುಡುಗರ ಓದಿಗೆ ಬಿಟ್ಟಿದ್ದ. ಒಂದು ದೇಸಗತಿಯ ಬೊಕ್ಕಸ ಬಹುಮಾನದ ಹಣವಾಗಿ ಹಂಚಿಹೋಯಿತು, ಇನ್ನೊಂದರದು ವಿದ್ಯಾರ್ಥಿವೇತನವಾಗಿ. ಈ ಎರಡನ್ನು ಪಕ್ಕಪಕ್ಕ ಇಡುವ ಫಲಕ ಇಡೀ ಸೀಮೆಯಲ್ಲಿ ಎಲ್ಲಾದರೂ ಇರಬೇಕೆಂದರೆ ಅದಕ್ಕೆ ಕಿತ್ತೂರಿಗಿಂತ ಒಳ್ಳೆಯ ಜಾಗವಿಲ್ಲ.

ಯುದ್ಧದಲ್ಲಿ ಸಾಮಾನ್ಯರ ಪಾಡನ್ನು ಸಂಗ್ರಹಾಲಯದಲ್ಲಿ ತೋರಿಸುವ ಕೆಲಸವನ್ನು ಹೊರಗಿನ ದೇಶಗಳು ಕಲಿತದ್ದೂ ನಿಧಾನವಾಗಿಯೇ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಹುಟ್ಟಿದ್ದು 1917ರಲ್ಲಿ, ಮೊದಲ ಮಹಾಯುದ್ಧ ಇನ್ನೂ ನಡೆದಿದ್ದಾಗ. ತೋಪು, ಬಾವುಟಗಳ ಜತೆಗೆ ಹೆಂಗಸರ ದುಡಿಮೆಯ ವಸ್ತುಗಳನ್ನು ಕೂಡಿಸಲೆಂದೇ ಅಲ್ಲೊಂದು ಉಪಸಮಿತಿ ಇತ್ತು. 1955ರಲ್ಲಿ ತೆರೆದ ಹಿರೋಶಿಮಾದ ಸಂಗ್ರಹಾಲಯದಲ್ಲಿ ಜನ ಹೆಚ್ಚು ಹೊತ್ತು ನಿಲ್ಲುವುದು 8.15ಕ್ಕೆ ನಿಂತುಹೋದ ಗಡಿಯಾರದ ಮುಂದೆ, ಮಗುವಿನ ಸುಟ್ಟ ಮೂರುಗಾಲಿ ಸೈಕಲ್ಲಿನ ಮುಂದೆ. ನಮ್ಮಲ್ಲಿ ಅಂಥ ಮನೆಬಳಕೆಯ ವಸ್ತುಗಳು ಉಳಿದಿಲ್ಲ. ಇನ್ನೂರು ವರ್ಷದ ಹಿಂದಿನ ರೈತನ ಕುಡಗೋಲನ್ನು ಯಾರು ಎತ್ತಿಟ್ಟಾರು? ಆದರೆ ಕಲ್ಲುಗಳಿವೆ, ಹಾಡುಗಳಿವೆ.

ಅರಮನೆಯ ಪ್ರತಿರೂಪವನ್ನು ಹೊಸದಾಗಿ ಕಟ್ಟಬೇಕೆಂಬ ಮಾತು ಇತ್ತೀಚಿನ ವರ್ಷಗಳಲ್ಲಿ ಜೋರಾಗಿ ಕೇಳಿಬಂದಿದೆ. ಎಲ್ಲಿ ಕಟ್ಟಬೇಕೆಂಬುದಕ್ಕೆ ಜಗಳವೂ ಆಗಿದೆ. ಪ್ರವಾಸಿಗರು ಬರಬೇಕು, ಊರಿನ ನಾಲ್ಕು ಮಂದಿಗೆ ವ್ಯಾಪಾರವಾಗಬೇಕು ಎಂಬುದನ್ನು ಒಪ್ಪುತ್ತೇನೆ. ಆದರೂ ಹೇಳುತ್ತೇನೆ: ಕಿತ್ತೂರಿನ ಪಾಳುಗೋಡೆಗಳೇ ಆ ಯುದ್ಧದ ಅತಿ ದೊಡ್ಡ ಪ್ರದರ್ಶನ ವಸ್ತು. ಅವುಗಳ ಪಕ್ಕದಲ್ಲಿ ಬಣ್ಣ ಬಳಿದ ಅರಮನೆ ಎದ್ದರೆ 1824ರ ಡಿಸೆಂಬರ್ ನಡೆಯಲೇ ಇಲ್ಲ ಎಂದಂತೆ. ಕಟ್ಟುವುದಿದ್ದರೆ ಕೋಟೆಯಿಂದ ದೂರ ಕಟ್ಟಲಿ.

ವಿಜಯಕ್ಕೆ 2024ರಲ್ಲಿ 200 ವರ್ಷ ತುಂಬಿದ್ದನ್ನು ಸಡಗರದಿಂದ ನೆನೆದೆವು. ಇದೇ ಲೆಕ್ಕದಲ್ಲಿ 2029ಕ್ಕೆ ಚೆನ್ನಮ್ಮ ಸೆರೆಯಲ್ಲಿ ಸತ್ತು 200 ವರ್ಷ, 2031ಕ್ಕೆ ರಾಯಣ್ಣನ ಗಲ್ಲಿಗೆ 200. ಅಷ್ಟರೊಳಗೆ ಸಂಗ್ರಹಾಲಯದಲ್ಲಿ ಆಗಬೇಕಾದ ಕೆಲಸ ಬೇಕಷ್ಟಿದೆ. ಪ್ರತಿ ವೀರಗಲ್ಲಿನ ಕೆಳಗೆ ಅದು ಬಂದ ಊರಿನ ಹೆಸರು, ಸತ್ತವನ ಹೆಸರು, ಸತ್ತ ಕಾರಣ ಈಗಿನ ಕನ್ನಡದಲ್ಲಿ ಮಕ್ಕಳ ಕಣ್ಣಿಗೆ ನಿಲುಕುವ ಎತ್ತರದಲ್ಲಿ ಬೀಳಬೇಕು. ರಾಯಣ್ಣನ ಲಾವಣಿಯನ್ನು ಇನ್ನೂ ಹಾಡಬಲ್ಲ ಗೀಗೀ ಮೇಳಗಳನ್ನು ಕೋಟೆಗೆ ಕರೆಸಿ ಧ್ವನಿ ಹಿಡಿದಿಡಬೇಕು. ಹಾಡುವವರ ವಯಸ್ಸು ನೋಡಿದರೆ ಇದಕ್ಕೆ 2031ರವರೆಗೆ ಕಾಯುವಂತಿಲ್ಲ. ಕಿತ್ತೂರಿಗೆ ಸಂಬಂಧಿಸಿದ ಕಂಪನಿಯ ಕಾಗದಗಳು ಮುಂಬಯಿಯ ಪತ್ರಾಗಾರದಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ಶೇತಸನದಿಗಳ ಹೊಲದ ಲೆಕ್ಕ, ಬೈಲಹೊಂಗಲದ ಸೆರೆಯ ಖರ್ಚು, ಬಹುಮಾನದ ಹಣದ ತಕರಾರು ಹುಡುಕಬೇಕಾದದ್ದು ಅಲ್ಲಿ. ಒಬ್ಬ ಸಂಶೋಧಕನಿಗೆ ಎರಡು ವರ್ಷದ ಪಗಾರ ಕೊಟ್ಟು ನಕಲು ತರಿಸಿದರೆ, ಅವುಗಳನ್ನು ತೂಗುಹಾಕಲು ಬಾಗಿಲುಗಳ ಎದುರಿನ ಗೋಡೆಯೊಂದೇ ಸಾಕು.